ಪ್ರಮಾಣವಚನ ಹೇಳಿಕೊಡುವವನು

ಇಪ್ಪತ್ತೆರಡು ವರ್ಷದಿಂದ ಈ ತರಬೇತಿ ಕೇಂದ್ರದಲ್ಲಿ ಹೊಸ ಸೈನಿಕರಿಗೆ ಪ್ರಮಾಣವಚನ ಹೇಳಿಕೊಡುವವನು ನಾನು. ನಾನೊಂದು ಸಾಲು ಹೇಳಬೇಕು, ಅವರು ಅದನ್ನೇ ತಿರುಗಿ ಹೇಳಬೇಕು. ಬೆನ್ನ ಹಿಂದೆ ನನ್ನನ್ನು ‘ಮೈಕ್ ಮಾಸ್ತರ್’ ಎನ್ನುತ್ತಾರೆ. ಎನ್ನಲಿ, ನನ್ನ ಗಂಟಲಿಗೆ ಮೈಕ್ ಬೇಕಿಲ್ಲ. ನನ್ನ ಬಾಯಿಂದ ಏನು ಬಿದ್ದರೂ ಎತ್ತಿಕೊಂಡು ಕೂಗುವ ಹಾಗೆ ಅವರನ್ನು ಪಳಗಿಸಿರುತ್ತೇನೆ. ಹೋದ ವರ್ಷ ಪ್ರಮಾಣದ ನಡುವೆ, “ಯಾವನೋ ಅವನು ಮೂಗು ಕೆರ್ಕೊಳ್ಳೋನು” ಎಂದು ಗದರಿದ್ದೆ. ಇನ್ನೂರು ಬಾಯಿ ಅದನ್ನೂ ಪ್ರಮಾಣ ಮಾಡಿ ಹೇಳಿದವು. ಗಣ್ಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈ ವರ್ಷ ನಗುವ ಹಾಗಿರಲಿಲ್ಲ. ಗುರಿ ಅಭ್ಯಾಸದ ಮೈದಾನಕ್ಕೆ ಹೊರಟ ಲಾರಿ ಇಳಿಜಾರಿನಲ್ಲಿ ಉರುಳಿಬಿದ್ದು ಈ ಸಲದ ತಂಡದ ಒಬ್ಬ ಹುಡುಗ ಸತ್ತ. ಲಾರಿ ಓಡಿಸುತ್ತಿದ್ದವರು ನಮ್ಮ ಭಾವ, ಅಕ್ಕನ ಗಂಡ. ಹೊರಡುವ ಮುಂಚೆ ಅವರು ಕರ್ನಲ್ ಸಾಹೇಬರೆದುರು ನಿಂತು, “ಸರ್, ಬ್ರೇಕ್ ಹಿಡೀತಿಲ್ಲ, ಇವತ್ತು ಬೇಡ” ಎಂದದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. “ನೆಪ ಹೇಳ್ಬೇಡ, ತಗೊಂಡು ಹೋಗು” ಎಂದು ಸಾಹೇಬರು ಅಂದದ್ದನ್ನೂ ಕೇಳಿದ್ದೇನೆ. ಈಗ ಭಾವ ಸೈನ್ಯದ ಜೈಲಿನಲ್ಲಿದ್ದಾರೆ. ಅವರದೇ ಅಜಾಗರೂಕತೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪ್ರಮಾಣದ ಪರೇಡಿನ ಹಿಂದಿನ ದಿನ ಸಾಹೇಬರು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆಯೊಂದಿತ್ತು: ಚಾಲಕ ಯಾವ ದೂರನ್ನೂ ಹೇಳಲಿಲ್ಲವೆಂದು ನನ್ನ ಹೇಳಿಕೆ. ನಾನು ಏನು ಹೇಳುತ್ತೇನೆಂಬುದು ನನಗಿಂತ ಮುಂಚೆ ಅವರಿಗೇ ಗೊತ್ತಿತ್ತು, ನೋಡಿ.

“ಸರ್, ನಾನು ಅಲ್ಲೇ ಇದ್ದೆ,” ಎಂದೆ.

“ಇದ್ದೆ. ಆದ್ರೆ ನೀನು ಅವನ ಭಾಮೈದ. ಬೇರೆ ಏನು ಹೇಳಿದ್ರೂ ಯಾರು ನಂಬ್ತಾರೆ? ಹೇಳು, ಪ್ರಮಾಣದ ಐದನೇ ಸಾಲೇನು?”

“ಮೇಲಧಿಕಾರಿಯ ಆಜ್ಞೆ ಮೀರುವುದಿಲ್ಲ.”

“ಮತ್ತೆ? ಇದು ಆಜ್ಞೆ. ನಾಳೆ ಪರೇಡ್ ಮುಗಿದ್ಮೇಲೆ ಸೈನ್ ಹಾಕಿ ತಂದ್ಕೊಡು.”

ಮೈಯೆಲ್ಲ ಉರಿದುಹೋಯಿತು. ಆದರೂ ಸೆಲ್ಯೂಟ್ ಹೊಡೆದೆ. ಹಾಳಾದ ಕೈ, ಅದಕ್ಕೆ ಬೇರೇನೂ ಗೊತ್ತಿಲ್ಲ.

ಮನೆಯಲ್ಲಿ ಅಕ್ಕ ಭಾವನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ವಿಚಾರಣೆಗೆ ಅದನ್ನೇ ತೊಟ್ಟು ನಿಲ್ಲಬೇಕಂತೆ. ಹಾಳೆ ಓದಿ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು.

“ಹಾಕ್ತೀಯೇನೋ?”

“ಪ್ರಮಾಣ ಮಾಡಿದೀನಲ್ಲಕ್ಕ.”

“ಐದನೇ ಸಾಲು ನಂಗೂ ಬರುತ್ತೆ. ಈ ಮನೆ ಗೋಡೆಗೂ ಬರುತ್ತೆ, ಅಷ್ಟು ಅರಚಿದೀಯ. ಆರನೇದು ಏನು, ಹೇಳು.”

ಆರನೆಯದು, ಜೊತೆ ಸೈನಿಕನ ಕೈ ಬಿಡುವುದಿಲ್ಲ. ಈ ಎರಡು ಸಾಲನ್ನೂ ಒಂದರ ಹಿಂದೊಂದು ಸಾವಿರ ಸಲ ಕೂಗಿದ್ದೇನೆ. ಒಂದು ದಿನ ಎರಡೂ ಎದುರುಬದುರು ನಿಂತು ನನ್ನ ಕುತ್ತಿಗೆ ಹಿಡಿಯುತ್ತವೆಂದು ಕನಸಲ್ಲೂ ಎಣಿಸಿರಲಿಲ್ಲ. ಸಾಹೇಬರ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೂ ಬಂತು. ಅವತ್ತು ಲಾರಿಯ ಪಕ್ಕ ಬಾಯಿಗೆ ಬೀಗ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ಬೆಳಿಗ್ಗೆ ತಂಡ ಮೈದಾನದಲ್ಲಿ ನಿಂತಿತ್ತು. ಮುಂದುಗಡೆಯೇ ಊರುಗೋಲು ಹಿಡಿದ ಮೂವರಿದ್ದರು, ಆ ಲಾರಿಯಲ್ಲಿದ್ದು ಬದುಕಿಕೊಂಡವರು. ತಮಗೇನೂ ಕೇಳಿಸಲಿಲ್ಲವೆಂಬ ಹಾಳೆಗೆ ಅವರಿಂದ ಆಗಲೇ ಸೈನ್ ಹಾಕಿಸಿಯಾಗಿತ್ತು. ಎದುರು ಕುರ್ಚಿಗಳಲ್ಲಿ ಜನರಲ್, ಕರ್ನಲ್, ಮನೆಮಂದಿ. ಸತ್ತವನ ತಂದೆತಾಯಿಯನ್ನು ಮಾತ್ರ ಕರೆದಿರಲಿಲ್ಲ.

ಐದನೇ ಸಾಲು ಹೇಳಿದೆ, ಅವರೂ ಹೇಳಿದರು. ಆರನೆಯದನ್ನೂ ಹೇಳಿದರು. ಪ್ರಮಾಣ ಅಲ್ಲಿಗೆ ಮುಗಿಯಬೇಕು. ನಾನು ಮುಗಿಸಲಿಲ್ಲ.

“ಆ ಲಾರಿಯ ಬ್ರೇಕ್ ಹಿಡಿಯುತ್ತಿರಲಿಲ್ಲ.”

ಆ ಲಾರಿಯ ಬ್ರೇಕ್ ಹಿಡಿಯುತ್ತಿರಲಿಲ್ಲ ಎಂದು ಇನ್ನೂರು ಗಂಟಲು ಮೈದಾನ ನಡುಗುವಂತೆ ಹೇಳಿದವು.

“ಇವತ್ತು ಬೇಡವೆಂದು ಚಾಲಕ ಹೇಳಿದ.”

ಹೇಳಿದರು.

“ತಗೊಂಡು ಹೋಗು ಎಂದು ಕರ್ನಲ್ ಹೇಳಿದರು.”

ಅದನ್ನೂ ಹೇಳಿದರು. ಕರ್ನಲ್ ಎದ್ದು “ನಿಲ್ಲಿಸು” ಎಂದು ಕಿರುಚಿದರು. ಹಿಂದಿನ ಸಾಲಿನ ಕೆಲವರು “ನಿಲ್ಲಿಸು” ಎಂಬುದನ್ನೂ ತಿರುಗಿ ಹೇಳಿಬಿಟ್ಟರು. ಈ ಸಲ ಯಾರೂ ನಗಲಿಲ್ಲ. ಜನರಲ್ ಕತ್ತು ತಿರುಗಿಸಿ ಕರ್ನಲ್ ಮುಖವನ್ನೇ ನೋಡಿದರು.

“ಇವು ಗಿಳಿಗಳು ಸರ್,” ಕರ್ನಲ್ ಬೆವರು ಒರೆಸಿಕೊಂಡರು. “ಇವನು ಏನು ಹೇಳ್ಕೊಟ್ರೂ ಹೇಳ್ತವೆ.”

ಮಾತು ನಿಜವೇ. ಗಿಳಿ ಸಾಕಿದವನೂ ನಾನೇ. ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದು, ಹಿಡಿದೊಯ್ಯುವವರಿಗಾಗಿ ಕಾದು ನಿಂತೆ.

ಆಗ ಊರುಗೋಲಿನವನೊಬ್ಬ ಒಂದು ಹೆಜ್ಜೆ ಮುಂದೆ ಬಂದ. “ನಾನೂ ಕೇಳಿಸ್ಕೊಂಡೆ ಸರ್,” ಎಂದ. ಪಕ್ಕದವನೂ ಹಾಗೆಯೇ ಅಂದ. ಮೂರನೆಯವನೂ ಅಂದ.

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.