ಎಂಟು ದಿನದ ಹಾಲು

ಆಸ್ಪತ್ರೆಯಿಂದ ಫೋನು ಬಂದದ್ದು ಮಾರ್ಗಶಿರದ ಒಂದು ಗುರುವಾರ ಬೆಳಿಗ್ಗೆ, ಜಯಲಕ್ಷ್ಮಮ್ಮ ತುಳಸಿಗೆ ನೀರು ಹಾಕುತ್ತಿದ್ದಾಗ. ಮಗಳು ಶ್ರೀವಿದ್ಯಾ "ಸರಿ ಡಾಕ್ಟರ್, ಸರಿ" ಎಂದಳು. ಆಮೇಲೆ ಗೋಡೆ ಹಿಡಿದು ಕೂತಳು. ಹೃದಯದ ಕವಾಟ ಬದಲಾಯಿಸಿಕೊಂಡು ಹತ್ತೊಂಬತ್ತು ದಿನ ಐಸಿಯುನಲ್ಲಿ ಮಲಗಿದ್ದ ಜಯಲಕ್ಷ್ಮಮ್ಮನ ಗಂಡ ವಿಷ್ಣುಮೂರ್ತಿಗಳು ಹೋಗಿಬಿಟ್ಟಿದ್ದರು. ಅದೇ ಹೊತ್ತಿಗೆ ಹೊರಗೆ ಎರಡೂ ಮನೆಗೆ ಸೇರಿದ ವರಾಂಡದಲ್ಲಿ ಎದುರು ಮನೆಯ ಭೋಜರಾಜರು, ಡಾಕ್ಟರು ಹೇಳಿದ ಹಾಗೆ ಬೆಳಗಿನ ನಡಿಗೆ ನಡೆಯುತ್ತಿದ್ದರು. ಅವರ ಚಪ್ಪಲಿಯ ಸದ್ದು ಬಾಗಿಲವರೆಗೂ ಬಂತು, ತಿರುಗಿತು, ಹೋಯಿತು. ಜಯಲಕ್ಷ್ಮಮ್ಮನ ಕಣ್ಣಿಗೆ ನೀರು ಬರುವ ಮೊದಲೇ ಹೊಟ್ಟೆಗೆ ಕಿಚ್ಚು ಬಿತ್ತು. ಅದು ಯಾವ ಕಿಚ್ಚೆಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು.

ಇಬ್ಬರು ಗಂಡಸರೂ ಮೈಸೂರು ಕಡೆಯವರು, ತಮಿಳು ನಾಡಿಗೆ ಬಂದು ಒಂದೇ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮೂವತ್ತು ವರ್ಷ ತಾಂಬರಂನಿಂದ ಗಿಂಡಿಗೆ ಒಂದೇ ಲೋಕಲ್ ರೈಲಿನಲ್ಲಿ ಹೋಗಿ ಬಂದಿದ್ದರು. "ಮೂರ್ತಿ, ನೀನು ನಿಂತ ಜಾಗದಲ್ಲಿ ಇನ್ನಿಬ್ಬರು ನಿಲ್ತಾರೆ ಕಣಯ್ಯ. ನಾನು ಕೂತರೆ ಪಕ್ಕದ ಇಬ್ಬರು ಏಳಬೇಕು" ಎಂದು ಭೋಜರಾಜರು ನಗಿಸುತ್ತಿದ್ದರು. ಅವರ ಹೆಂಡತಿ ಊರ್ಮಿಳಾ ಆಗೆಲ್ಲ ನಿಟ್ಟುಸಿರು ಬಿಟ್ಟು, "ನಿಮ್ಮನೆಯವರು ನೋಡಿ, ಎಳೆ ದರ್ಭೆ ಹಾಗಿದಾರೆ. ಪುಣ್ಯ ಮಾಡಿದೀರಿ" ಎನ್ನುವರು. ಜಯಲಕ್ಷ್ಮಮ್ಮನಿಗೆ ಆ ಮಾತು ತುಪ್ಪ ತಿಂದಷ್ಟು ರುಚಿ.

ಭಾದ್ರಪದದಲ್ಲಿ ಇಬ್ಬರಿಗೂ ಎದೆಯ ತೊಂದರೆ ಕಂಡಿತು. ಡಾಕ್ಟರು ಇಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಭೋಜರಾಜರು ತೊಂಬತ್ತೊಂದು ಕೆಜಿ, ವಿಷ್ಣುಮೂರ್ತಿಗಳು ನಲವತ್ತನಾಲ್ಕು. ಬೈಗುಳ ಭೋಜರಾಜರಿಗೆ ಎಂದು ಎಲ್ಲರೂ ಕಾದರೆ ಡಾಕ್ಟರು ವಿಷ್ಣುಮೂರ್ತಿಗಳ ಮುಂಗೈ ಹಿಡಿದು ನೋಡಿ ತಲೆಯಾಡಿಸಿದರು. ಆಪರೇಷನ್ ಮಾಡಿದರೆ ಸ್ವಲ್ಪ ಮೈ ಇದ್ದವರು ಎಷ್ಟೋ ಸಲ ತಡೆದುಕೊಳ್ಳುತ್ತಾರೆ, ತೀರಾ ಬಡಕಲಾದವರದ್ದೇ ತಮಗೆ ಭಯ ಎಂದರು. ಎರಡು ತಿಂಗಳಲ್ಲಿ ಐದು ಕೆಜಿ ಏರಬೇಕು. ಹಾಲು, ಬೇಳೆ ಧಾರಾಳವಾಗಿ ಕೊಡಿ ಎಂದರು.

ಆದರೆ ಅದು ಚಾತುರ್ಮಾಸ್ಯ. ಮೂರನೆಯ ತಿಂಗಳು ಹಾಲು ಮುಟ್ಟುವಂತಿಲ್ಲ, ನಾಲ್ಕನೆಯ ತಿಂಗಳು ಬೇಳೆ ಮುಟ್ಟುವಂತಿಲ್ಲ. ಮಠದ ಆಚಾರ್ಯರೇ, "ರೋಗಿಗೆ ನಿಯಮವಿಲ್ಲಮ್ಮ, ಔಷಧಿ ಅಂತ ಕೊಡಿ" ಎಂದರು. ಊರ್ಮಿಳಾ ಅಂದೇ ಗಂಡನ ವ್ರತ ಬಿಡಿಸಿದರು. ಜಯಲಕ್ಷ್ಮಮ್ಮ ಬಿಡಿಸಲಿಲ್ಲ. "ನಾಲಿಗೆ ಚಪಲ ಇದ್ದವರಿಗೆ ನೆಪ ಬೇಕು" ಎಂದರು. ನಲವತ್ತೊಂದು ವರ್ಷ ಮುರಿಯದ ವ್ರತ, ಅದೂ ಎದುರು ಮನೆಯವರು ಮುರಿದ ವರ್ಷ. ಕಾರ್ತಿಕದಲ್ಲಿ ತೂಗಿದಾಗ ವಿಷ್ಣುಮೂರ್ತಿಗಳು ಇನ್ನೂ ಎರಡು ಕೆಜಿ ಇಳಿದಿದ್ದರು. ಕವಾಟ ಇನ್ನು ಕಾಯುವ ಹಾಗಿರಲಿಲ್ಲ. ಅದೇ ವಾರ ಬೈಪಾಸ್ ಮಾಡಿಸಿಕೊಂಡ ಭೋಜರಾಜರು ಎಂಟನೆಯ ದಿನ ತಾವೇ ಮೆಟ್ಟಿಲು ಹತ್ತಿ ಮನೆಗೆ ಬಂದರು. ವಿಷ್ಣುಮೂರ್ತಿಗಳ ಎದೆಯ ಗಾಯ ಕೂಡಲಿಲ್ಲ.

"ಡಾಕ್ಟರ್ ಅಪ್ಪವೇ ಸೊನ್ನಾರಮ್ಮಾ" ಎಂದಳು ಆ ಗುರುವಾರ ಫೋನು ಕೆಳಗಿಟ್ಟ ಶ್ರೀವಿದ್ಯಾ. ದುಃಖದಲ್ಲಿ ಅವಳಿಗೆ ತಮಿಳೇ ಮೊದಲು ಬರುತ್ತಿತ್ತು. "ಆಗಲೇ ಹೇಳಿದ್ರು. ಅಪ್ಪನ ಮೈಯಲ್ಲಿ ತಡಕೊಳ್ಳೋ ಶಕ್ತಿನೇ ಇರ್ಲಿಲ್ಲ."

"ತಿಂದು ಬೆಳೆದವರನ್ನ ದೇವರು ಉಳಿಸ್ತಾನೆ ಅನ್ನು."

"ದೇವರನ್ನ ಯಾಕಮ್ಮಾ ಎಳೀತೀಯ?"

ಹನ್ನೆರಡು ದಿನ ಕರ್ಮಗಳು ನಡೆದವು. ಜಯಲಕ್ಷ್ಮಮ್ಮನಿಂದ ಒಂದು ಸಲವೂ ಗಂಡನಿಗಾಗಿ ಪ್ರಾರ್ಥಿಸಲಾಗಲಿಲ್ಲ. ಕಣ್ಣು ಮುಚ್ಚಿದರೆ ಭೋಜರಾಜರ ತುಂಬಿದ ಭುಜ, ಊರ್ಮಿಳೆಯ ಹಣೆಯ ಕುಂಕುಮ. ಅವಳಿಗೆ ಯಾಕೆ ಕೊಟ್ಟೆ, ನನ್ನದನ್ನು ಯಾಕೆ ಕಿತ್ತುಕೊಂಡೆ ಎಂದೇ ಬಾಯಿಗೆ ಬರುತ್ತಿತ್ತು. ಹೋದ ಜೀವಕ್ಕೆ ಹೆಂಡತಿಯ ಒಂದು ಒಳ್ಳೆಯ ಮಾತೂ ದಕ್ಕದೆ ಹೋಗುತ್ತದಲ್ಲ ಎಂದು ಹೆದರಿಕೆಯಾಯಿತು.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಭೋಜರಾಜರ ಎದೆಗೆ ಪಟ್ಟಿ, ನೆಲದ ಮೇಲೆ ಕೂರುವಂತಿಲ್ಲ. ಮೇಜಿನ ಮೇಲೆ ಎಲೆ ಹಾಕಿದರು. ಅವರು ತುತ್ತು ಎತ್ತಿದಾಗಲೆಲ್ಲ ಒಳಗಿನ ಕೋಣೆಯಿಂದ ಜಯಲಕ್ಷ್ಮಮ್ಮ ನೋಡಿದರು. ಮೂರನೆಯ ತುತ್ತಿಗೆ ಭೋಜರಾಜರು ಎಲೆಯ ಮುಂದೆ ಬಿಕ್ಕಿ ಅತ್ತರು. ಆ ಅಳುವಿನ ಮೇಲೂ ಜಯಲಕ್ಷ್ಮಮ್ಮನಿಗೆ ಹೊಟ್ಟೆಕಿಚ್ಚಾಯಿತು. ತಮಗೆ ಹಾಗೆ ಅಳು ಬಂದಿರಲಿಲ್ಲ.

ಊರ್ಮಿಳಾ ಬಂದು ಪಕ್ಕದಲ್ಲಿ ಕೂತರು. ಸೆರಗಿನ ಅಂಚು ಮಡಿಸಿ ಬಿಚ್ಚಿ ಮಾಡಿದರು.

"ಜಯಮ್ಮ, ಹೇಳದೆ ಇದ್ರೆ ನನಗೆ ನಿದ್ದೆ ಬರಲ್ಲ. ಹಾಲು ಬಿಡೋ ತಿಂಗಳಲ್ಲಿ ಮೂರ್ತಿಗಳು ಸಂಜೆ ನಮ್ಮನೇಲಿ ಹಾಲು ಕುಡೀತಿದ್ರು. ಇವರೇ ಬಲವಂತ ಮಾಡಿದ್ದು. ಎಂಟು ದಿನ."

ಜಯಲಕ್ಷ್ಮಮ್ಮ ತಲೆಯೆತ್ತಲಿಲ್ಲ. "ಆಮೇಲೆ?"

"ಒಂಬತ್ತನೇ ದಿನ ಲೋಟ ವಾಪಸ್ ಇಟ್ಟರು. ಮಠದ ಭಜನೇಲಿ ನೀವು ಎಲ್ಲರೆದುರಿಗೂ ಅಂದಿದ್ರಲ್ಲ, ನಮ್ಮೆಜಮಾನ್ರ ಬಾಯಿಗೆ ಒಂದು ತೊಟ್ಟೂ ಬಿದ್ದಿಲ್ಲ ಅಂತ. ‘ಅವಳ ಮಾತು ಸುಳ್ಳಾಗಬಾರದು ಊರ್ಮಿಳಾ’ ಅಂದ್ರು."

ಭಜನೆಯಲ್ಲಿ ಅದನ್ನು ಹೇಳುವಾಗ ತಾವು ಯಾರ ಮುಖ ನೋಡಿದ್ದೆವು ಎಂಬುದು ಜಯಲಕ್ಷ್ಮಮ್ಮನಿಗೆ ನೆನಪಿತ್ತು. ಊರ್ಮಿಳೆಯ ಮುಖವನ್ನೇ ನೋಡಿ ಹೇಳಿದ್ದರು.

"ಹಾಲಿಗೆ ಸಕ್ಕರೆ ಹಾಕ್ತಿದ್ರಾ?"

"ಎರಡು ಚಮಚ. ಕೇಳಿ ಹಾಕಿಸಿಕೊಳ್ತಿದ್ರು."

ನಲವತ್ತೊಂದು ವರ್ಷ ಅವರು ಗಂಡನಿಗೆ ಸಪ್ಪೆ ಹಾಲೇ ಕೊಟ್ಟಿದ್ದರು. ವಿಷ್ಣುಮೂರ್ತಿಗಳು ಎಂದೂ ಸಕ್ಕರೆ ಕೇಳಿರಲಿಲ್ಲ. ಇನ್ನೊಬ್ಬಳ ಅಡುಗೆಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದರು. ಕಿಚ್ಚು ಮತ್ತೊಮ್ಮೆ ಎದ್ದಿತು. ಆದರೆ ಈ ಸಲ ಅದಕ್ಕೆ ಸುಡಲು ಎದುರು ಮನೆ ಸಿಗಲಿಲ್ಲ. ಜಯಲಕ್ಷ್ಮಮ್ಮ ಊರ್ಮಿಳೆಯ ಮಡಿಲಿಗೆ ಬಾಗಿ, ಹದಿಮೂರು ದಿನ ಬಾರದಿದ್ದ ಅಳುವನ್ನು ಅತ್ತರು. ಊರ್ಮಿಳಾ ಬೆನ್ನು ಸವರುತ್ತ ಕೂತರು.

ಎಲ್ಲರೂ ಹೋದ ಮೇಲೆ ಜಯಲಕ್ಷ್ಮಮ್ಮ ದೇವರ ಮುಂದೆ ಕೂತರು. ಕಣ್ಣು ಮುಚ್ಚಿದಾಗ ಕಂಡವರು ವಿಷ್ಣುಮೂರ್ತಿಗಳೇ.

"ಕೃಷ್ಣಾ, ಅವರು ವ್ರತ ಮುರಿದದ್ದು ಪಾಪವಾದರೆ ಅದು ನನ್ನ ತಲೆಗಿರಲಿ. ಮುರಿಯದೆ ಉಳಿಸಿದ್ದು ನನ್ನ ಜಂಬಕ್ಕೆ, ಅದೂ ನನ್ನ ತಲೆಗೇ ಇರಲಿ. ಎದುರು ಮನೆಯವರಿಗೆ ಒಳ್ಳೆಯದಾಗಲಿ ಅನ್ನಲು ನನಗಿನ್ನೂ ನಾಲಿಗೆ ಏಳುವುದಿಲ್ಲ, ಸ್ವಲ್ಪ ದಿನ ಕೊಡು. ನಮ್ಮೆಜಮಾನರನ್ನು ಮಾತ್ರ ನಿನ್ನ ಪಾದದಲ್ಲಿ ಇಟ್ಟುಕೋ. ಕೇಳಲು ಸಂಕೋಚಪಡುವ ಜೀವ ಅದು, ನೀನೇ ಕೇಳಿ ಕೊಡು. ಹಸಿವಿಲ್ಲದ, ನೋವಿಲ್ಲದ ಶಾಂತಿ ಅವರಿಗೆ ಸಿಗಲಿ."