ಸುವಾದ ಗೋಲು

೨೦೧೯ರ ಆಗಸ್ಟ್ ೨೨, ಗುರುವಾರ, ಬೆಳಗಿನ ಹನ್ನೊಂದು ಗಂಟೆ ಐದು ನಿಮಿಷಕ್ಕೆ ವಿಮಾನ ಬರುತ್ತಿದೆ, ದಾರಿ ಬಿಡಿ ಎಂದು ಮೊದಲ ಸೈರನ್ ಕೂಗಿದಾಗ ಪನಾಪ ತುವಾಲುವಿನ ವಿಮಾನದ ಓಡುದಾರಿಯ ನಟ್ಟನಡುವೆ ಇದ್ದ. ಅಡ್ಡ ದಾಟುತ್ತಿದ್ದವರೆಲ್ಲ ಹೆಜ್ಜೆ ಚುರುಕು ಮಾಡಿದರು. ಹೆಂಗಸೊಬ್ಬಳು ಹಂದಿಮರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದಳು. ಪನಾಪನ ಬಲ ಮಂಡಿ ಓಡುವ ಸ್ಥಿತಿಯಲ್ಲಿರಲಿಲ್ಲ.

ಇಳಿಯಲಿರುವ ವಿಮಾನ ಒಂದು ಗಂಟೆ ನಿಂತು ನೆರೆದೇಶದ ಸುವಾ ನಗರಕ್ಕೆ ಮರಳುತ್ತದೆ. ಅದರಲ್ಲಿ ಅಪಿನೆಲು ಹೆಂಡತಿ ಮಕ್ಕಳೊಂದಿಗೆ ಹೊರಟಿದ್ದ, ಅಲ್ಲಿಂದ ಮುಂದೆ ನ್ಯೂಜಿಲೆಂಡಿಗೆ, ನೆಲೆಸಲು. ಅವನು ಪನಾಪನ ದೊಡ್ಡಮ್ಮನ ಮಗ. ಒಂದು ಕಾಲಕ್ಕೆ ತುವಾಲು ಫುಟ್‌ಬಾಲ್ ತಂಡದ ಗೋಲ್‌ಕೀಪರ್; ಪನಾಪ ಅವನ ಮುಂದೆ ನಿಲ್ಲುವ ಡಿಫೆಂಡರ್. ಹನ್ನೊಂದು ವರ್ಷ ಹೇಳದೆ ಉಳಿದ ಮಾತೊಂದನ್ನು ಅವನು ವಿಮಾನ ಏರುವ ಮುಂಚೆ ಹೇಳಿಬಿಡಬೇಕೆಂದು ಪನಾಪ ಬಂದಿದ್ದ.

ಹನ್ನೊಂದು ವರ್ಷದ ಹಿಂದೆ ಸುವಾದಲ್ಲಿ ನಡೆದ ಪಂದ್ಯದಲ್ಲಿ ಕೊನೆಯ ನಿಮಿಷದವರೆಗೂ ಯಾರೂ ಗೋಲು ಹೊಡೆದಿರಲಿಲ್ಲ. ಸಮವಾಗಿ ಮುಗಿದಿದ್ದರೆ ಆ ಟೂರ್ನಿಯಲ್ಲಿ ತಂಡಕ್ಕೆ ಸಿಕ್ಕ ಮೊದಲ ಅಂಕ ಅದಾಗುತ್ತಿತ್ತು. ಎದುರಾಳಿ ಚೆಂಡಿನೊಂದಿಗೆ ನುಗ್ಗಿ ಬರುತ್ತಿದ್ದಾಗ ಆಚೆ ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿತು. ಪನಾಪ ಆಟ ಕಲಿತದ್ದು ಈ ಓಡುದಾರಿಯ ಡಾಂಬರಿನ ಮೇಲೆ. ಸೈರನ್ ಕೇಳಿದೊಡನೆ ಆಟ ನಿಲ್ಲಬೇಕು, ಮೊದಲು ಕೇಳಿಸಿಕೊಂಡವನು ಕೈ ಎತ್ತಿ ಉಳಿದವರನ್ನು ಬದಿಗೆ ಕಳಿಸಬೇಕು. ಅವನು ನಿಂತ, ಕೈ ಎತ್ತಿದ. ಎದುರಾಳಿಗೆ ಅಷ್ಟೇ ಸಾಕಾಯಿತು. ಚೆಂಡು ಅಪಿನೆಲುವಿನ ಪಕ್ಕದಿಂದ ನಿಧಾನವಾಗಿಯೇ ಉರುಳಿ ಒಳಗೆ ಹೋಯಿತು.

ಎತ್ತಿದ ಕೈಯನ್ನು ಎಲ್ಲರೂ ಆಫ್‌ಸೈಡ್ ಎಂದು ರೆಫರಿಗೆ ಮಾಡಿದ ತಕರಾರು ಎಂದು ತಿಳಿದರು. ಪನಾಪ ಅಲ್ಲವೆನ್ನಲಿಲ್ಲ. ಮೋಟು ಮರದ ಹಾಗೆ ನಿಂತಿದ್ದನೆಂದು ದೂರೆಲ್ಲ ಅಪಿನೆಲುವಿನ ಮೇಲೆ ಬಿತ್ತು. ಮತ್ತೆ ಅವನನ್ನು ತಂಡಕ್ಕೆ ಕರೆಯಲೇ ಇಲ್ಲ. ಪನಾಪ ಕ್ಯಾಪ್ಟನ್ ಆದ, ಮಂಡಿ ಕೈಕೊಡುವ ತನಕ ಆಡಿದ. ಸಭಾಮಂದಿರದ ಔತಣಗಳಲ್ಲಿ ಅಪಿನೆಲುವಿಗೆ ‘ತೂತುಬಲೆ’ ಎಂಬ ಹೆಸರು ಅಂಟಿಕೊಂಡಿತು. ಅವನು ನಕ್ಕು ಇನ್ನೊಂದು ಮೀನು ಬಡಿಸಿಕೊಳ್ಳುತ್ತಿದ್ದ.

ನಿಲ್ದಾಣದ ಚಪ್ಪರದಡಿ ದೊಡ್ಡಮ್ಮ ಪಾಸೆಮಾತಾ ಮಗನ ಕೊರಳಿಗೆ ಕವಡೆಹಾರ ಹಾಕುತ್ತಿದ್ದಳು.

"ಬಂದ್ಯಾ ಕ್ಯಾಪ್ಟನ್? ಇವನಿಗೊಂದು ಬುದ್ಧಿ ಹೇಳು. ಅಲ್ಲೂ ಯಾರಾದ್ರೂ ಗೋಲು ಕಾಯೋಕೆ ಕರೆದ್ರೆ, ಮನೇಲಿ ಕೆಲ್ಸ ಇದೆ ಅನ್ನಲಿ."

ಸುತ್ತ ಇದ್ದವರು ನಕ್ಕರು. ಅಪಿನೆಲುವೂ ನಕ್ಕ.

ವಿಮಾನ ಇಳಿದ ಗದ್ದಲದಲ್ಲಿ ಪನಾಪ ಅವನನ್ನು ನೀರಿನ ಟ್ಯಾಂಕಿನ ಮರೆಗೆ ಕರೆದೊಯ್ದು ಎಲ್ಲವನ್ನೂ ಹೇಳಿದ. ಅದು ಆಫ್‌ಸೈಡ್ ಅಲ್ಲ, ಸೈರನ್ನಿಗೆ ಕೈ ಎತ್ತಿದ್ದು ಎಂದ. ಅಪಿನೆಲು ಹಾರದ ಗಂಟನ್ನು ಹಿಂದಕ್ಕೆ ಸರಿಸಿಕೊಂಡ.

"ಗೊತ್ತು. ನಾನೂ ಆಕಾಶ ನೋಡ್ತಿದ್ದೆ."

ಅಂದರೆ ಅವನೂ ಆ ಸೈರನ್ನಿಗೆ ವಿಮಾನ ಹುಡುಕಿದ್ದ. "ಮತ್ಯಾಕಣ್ಣಾ ಬಾಯಿ ಬಿಡ್ಲಿಲ್ಲ?"

"ನಾನೊಬ್ನೇ ಹೇಳಿದ್ರೆ ನೆಪ ಅಂತಿದ್ರು. ಇಬ್ರು ಹೇಳಿದ್ರೆ ನಂಬ್ತಿದ್ರು. ನೀನು ಶುರು ಮಾಡ್ತೀಯ ಅಂತ ಕಾದೆ." ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಕ್ಯಾಪ್ಟನ್ ಮಾಡಿದ್ರಲ್ಲ, ಆಗ ಬಿಟ್ಟೆ."

ಭಾನುವಾರ ಸಭೆಯಲ್ಲಿ ಎಲ್ಲರೆದುರು ಹೇಳುತ್ತೇನೆಂದು ಪನಾಪ ತಡವರಿಸಿದ.

"ಈಗ ಯಾರಿಗೆ ಬೇಕು ತಮ್ಮಾ? ಅಮ್ಮನಿಗೆ ಹೇಳು, ಸಾಕು."

ದೊಡ್ಡಮ್ಮ ಹತ್ತೇ ಹೆಜ್ಜೆ ದೂರದಲ್ಲಿ ಮೊಮ್ಮಕ್ಕಳ ಮೂಗು ಒರೆಸುತ್ತಿದ್ದಳು. ಜನ ಕಡಿಮೆಯಾಗಲಿ ಎಂದುಕೊಂಡ ಪನಾಪ. ಹೆಸರು ಕರೆದರು, ಅಪ್ಪಿಕೊಂಡರು, ಅತ್ತರು. ವಿಮಾನ ತೆಂಗಿನ ಮರಗಳ ಮೇಲೆ ಹಾದು ಸಣ್ಣದಾದ ಮೇಲೆ, ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಹೇಳಿದ.

ದೊಡ್ಡಮ್ಮ ನಿಂತಳು. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡಳು.

"ಒಂದೆರಡ್ ಗಂಟೆ ಮುಂಚೆ ಹೇಳಿದ್ದಿದ್ರೆ, ಹೋಗೋವಾಗ್ಲಾದ್ರೂ ನಾನು ಅವನನ್ನ ಆಡ್ಕೊಳ್ತಿರ್ಲಿಲ್ಲ."

ಅವಳು ಮುಂದೆ ನಡೆದಳು. ಜೊತೆಗೆ ಬರಬೇಡವೆಂದು ಕೈಯಲ್ಲೇ ತಿಳಿಸಿದಳು.

ಪನಾಪ ಮೈದಾನದ ಕಡೆ ತಿರುಗಿದ. ಬಿಸಿಲಿಗೆ ಅಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಗೋಲಿಗೆ ಬೆನ್ನು ಕೊಟ್ಟೇ ಆಡಿದವನು ಇಂದು ಅದರ ಒಳಗೆ, ಅಪಿನೆಲು ನಿಲ್ಲುತ್ತಿದ್ದ ಕಡೆ, ಹೋಗಿ ನಿಂತ. ಎರಡೂ ತೋಳು ಚಾಚಿದ. ಎಡಗಂಬಕ್ಕೂ ಕೈ ಮುಟ್ಟಲಿಲ್ಲ, ಬಲಗಂಬಕ್ಕೂ ಮುಟ್ಟಲಿಲ್ಲ. ಕಂಬದಿಂದ ಕಂಬಕ್ಕೆ ಏಳು ಮೀಟರ್ ಮೂವತ್ತೆರಡು ಸೆಂಟಿಮೀಟರ್.