ಇನ್ನೂರ ಹದಿನಾಲ್ಕನೇ ವಸ್ತು

"ಆ ಟಾರ್ಚ್ ತಗೊಂಡ್ ಬಾರಮ್ಮ. ಸತ್ತೋನಿಗೆ ಬೆಳಕು ತಗೊಂಡ್ ಏನಾಗ್ಬೇಕು?"

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮೇಸ್ತ್ರಿ ಬಾಗಿಲಲ್ಲಿ ನಿಂತು ಹೇಳಿದ ಮೊದಲ ಮಾತು ಇದು. ನಾನು ಪಾತ್ರೆ ತೊಳೆಯುತ್ತಿದ್ದೆ. ಗಂಡನ ಬುತ್ತಿ ಡಬ್ಬಿಯನ್ನೂ ತೊಳೆದಿಟ್ಟಿದ್ದೆ.

"ಸಾಹೇಬ್ರದು. ನಿನ್ನ ಗಂಡನೇ ಕೇಳಿ ಇಸ್ಕೊಂಡಿದ್ದ. ಇವತ್ತು ಮೇಲಿನೋರು ಬರ್ತಿದಾರೆ, ಬೇಗ ಕೊಡು."

ಒಳಗಿಂದ ಅತ್ತೆ ಎದ್ದು ಬಂದಳು. "ಲೋ ಹಲ್ಕಾ ನನ್ಮಗನೇ, ನಿನ್ನ ಬಾಯಿಗೆ ಮಣ್ಣು ಬೀಳ! ನನ್ನ ಮಗನ್ನ ಗಣೀಗೆ ಇಳ್ಸಿ ಕೊಂದು, ಈಗ ಟಾರ್ಚ್ ಕೇಳೋಕ್ ಬಂದ್ಯಾ?"

"ಯಾರೂ ಇಳ್ಸಿಲ್ಲಮ್ಮ, ಅವನಾಗೇ ಇಳಿದ. ವರದೀಲಿ ಹಂಗೇ ಬರೆದಿದಾರೆ."

"ಕೆಲಸಕ್ಕೆ ಬರುವಾಗ ತರ್ತೀನಿ" ಎಂದೆ.

ಆ ಗುಡ್ಡದ ಮೇಲೆ ಆದಿಮಾನವರ ಕಲ್ಲಿನ ಕೊಡಲಿಗಳು, ಒಳಗೆ ಯಾವುದೋ ರಾಜನ ಕಾಲದ ಗಣಿ. ಪುರಾತತ್ವ ಸಮೀಕ್ಷೆಯವರಿಗೆ ನನ್ನ ಗಂಡ ಅಗೆಯುತ್ತಿದ್ದ. ನಾನು ಸಿಕ್ಕಿದ ಕಲ್ಲು ತೊಳೆದು, ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆಯುತ್ತಿದ್ದೆ. ಇದೇ ವಿಷಯದಲ್ಲಿ ಎಂ.ಎ. ಮಾಡಿದ್ದೇನೆ. ಅಕ್ಷರ ದುಂಡಗಿದೆ ಎಂದು ಅಗೆತ ನೋಡಿಕೊಳ್ಳುವ ಸಾಹೇಬರು ಕೂಲಿಗೆ ತೆಗೆದುಕೊಂಡಿದ್ದರು.

ನಾಲ್ಕು ದಿನದ ಹಿಂದೆ ಅವರು ತಮ್ಮ ತಲೆಯ ಟಾರ್ಚ್ ಬಿಚ್ಚಿ, ನನ್ನೆದುರೇ ನನ್ನ ಗಂಡನ ತಲೆಗೆ ಕಟ್ಟಿದರು. "ಇಳಿಯೋ. ನಿಮ್ಮಜ್ಜಂದಿರು ಅಗೆದ ಗಣಿ, ನಿನಗೇನಾಗತ್ತೆ?" ಎಲ್ಲರೂ ನಕ್ಕರು. ಅವನೂ ನಕ್ಕ.

ಗಣಿಯೊಳಗೆ ಕುಸಿದ ಮಣ್ಣಿನಿಂದ ಅವನನ್ನು ತೆಗೆಯಲು ಎರಡು ದಿನ ಹಿಡಿಯಿತು. ಮತ್ತೆ ಮಣ್ಣಿಗಿಡಲು ಅರ್ಧ ಗಂಟೆ.

ನಮ್ಮ ಪುಸ್ತಕಕ್ಕೊಂದು ನಿಯಮವಿದೆ. ಒಮ್ಮೆ ಬರೆದ ಸಂಖ್ಯೆಯನ್ನು ಹೊಡೆದುಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಯಾರೋ ತಿಂದೆಸೆದ ಆಡಿನ ಮೂಳೆಯನ್ನು ಸಾಹೇಬರು ಆದಿಮಾನವರ ಆಯುಧ ಎಂದು ಬರೆಸಿದ್ದರು. ಅದು ಇಂದಿಗೂ ತೊಂಬತ್ತೊಂದನೇ ವಸ್ತು.

ನಾನು ಹೋದಾಗ ಮೇಲಿನವರು ಮೂವರು ಮೇಜಿನ ಸುತ್ತ ನಿಂತು ಕೊಡಲಿಗಳನ್ನು ಮೆಚ್ಚುತ್ತಿದ್ದರು. ಸಾಹೇಬರು ಸದ್ದಿಲ್ಲದೆ ಕೈ ಚಾಚಿದರು. ನಾನು ಟಾರ್ಚನ್ನು ಕೊನೆಯ ಕೊಡಲಿಯ ಪಕ್ಕ ಇಟ್ಟೆ. ತೊಳೆದಿರಲಿಲ್ಲ. ಚೀಟಿ ಕಟ್ಟಿ, ಪುಸ್ತಕ ತೆರೆದು, ಗಟ್ಟಿಯಾಗಿ ಓದುತ್ತ ಶಾಯಿಯಲ್ಲಿ ಬರೆದೆ.

"ಇನ್ನೂರ ಹದಿನಾಲ್ಕು. ತಲೆಗೆ ಕಟ್ಟುವ ಟಾರ್ಚ್. ಸ್ಥಳ, ಹಳೆ ಗಣಿ. ಆಳ, ನಲವತ್ತು ಅಡಿ. ಸಿಕ್ಕಿದ್ದು, ನನ್ನ ಗಂಡನ ಹಣೆಯ ಮೇಲೆ. ಕಟ್ಟಿ ಇಳಿಸಿದವರು, ಸಾಹೇಬರು."

"ಏಯ್! ತಲೆ ಕೆಟ್ಟಿದ್ಯಾ? ಹರಿ ಆ ಹಾಳೇನ!"

"ಹರಿಯೋ ಹಾಗಿಲ್ಲ ಸಾರ್. ನೀವೇ ಹೇಳಿಕೊಟ್ಟಿದ್ದು."

ಮೇಲಿನವರಲ್ಲಿ ಹಿರಿಯರು ಕೊಡಲಿಯನ್ನು ಕೆಳಗಿಟ್ಟು ಪುಸ್ತಕದತ್ತ ಬಾಗಿದರು. ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ.

ಒಂದು ಅಂಕಣ ಬಾಕಿಯಿತ್ತು: ವಸ್ತುವಿನ ಸ್ಥಿತಿ. ಗುಂಡಿ ಒತ್ತಿದೆ. ಬೆಳಕು ನೇರ ಸಾಹೇಬರ ಮುಖಕ್ಕೆ ಬಿತ್ತು.

"ಉತ್ತಮ" ಎಂದು ಬರೆದೆ.